ನೀಲಿ ಮೊದಲು

ಆಪರೇಷನ್ ಆದ ಕಾಕುವಿನ ಕಣ್ಣಿನ ಪಟ್ಟಿ ಬಿಚ್ಚುವಾಗ ರೆಪ್ಪೆಗೆ ಅಂಟಿಕೊಳ್ಳಬಹುದಿತ್ತು. ಎರಡು ಡ್ರಾಪ್ಸ್ ಬಾಟಲಿಗಳಲ್ಲಿ ಆಮೇಲೆ ಹಾಕಬೇಕಾದದ್ದನ್ನು ನಾನು ಮೊದಲು ಹಾಕಬಹುದಿತ್ತು. ಹಾಕುವಾಗ ಸೀನು ಬರಬಹುದಿತ್ತು, ನನಗೋ ಕಾಕುಗೋ. ಮೋಡ ಕವಿದು ಕಿಟಕಿಯ ಬೆಳಕು ಹೋಗಬಹುದಿತ್ತು. ಪಟ್ಟಿ ಬಿಚ್ಚಿದ ಮೇಲೆ ಕಾಕು ಕಣ್ಣಿಡಬೇಕಿದ್ದ ಆ ಹಳೆಯ ಸೂಕ್ಷ್ಮದರ್ಶಕಕ್ಕೆ ದೀಪವಿಲ್ಲ, ಕೆಳಗಿನ ಪುಟ್ಟ ಕನ್ನಡಿಗೆ ಬಿದ್ದ ಬೆಳಕೇ ಗತಿ. ಹಸಿ ಹವೆಗೆ ಗಾಜಿನ ಮೇಲಿನ ಹರಳು ಬೆವರಿ ಕರಗಿ ಹೋಗಬಹುದಿತ್ತು. ಬೆಕ್ಕು ಮೇಜಿನ ಮೇಲೆ ಹಾರಬಹುದಿತ್ತು. ಕಾಕುಗೆ ತಲೆ ಸುತ್ತು ಬರಬಹುದಿತ್ತು, ಅದನ್ನು ನೋಡಿ ನನಗೂ ಬರಬಹುದಿತ್ತು. ಇವಕ್ಕೆಲ್ಲ ಮೊದಲು, ಬೀದರದಿಂದ ಭಾಲ್ಕಿಗೆ ಬರುವ ದಾರಿಯಲ್ಲೇ ನನ್ನ ಸ್ಕೂಟರಿನ ಟೈರು ಹೋಗಬಹುದಿತ್ತು.

ಪ್ರತಿಯೊಂದಕ್ಕೂ ನಾನು ಹಿಂದಿನ ದಿನವೇ ಒಂದು ಉಪಾಯ ಮಾಡಿಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಬಂದೆ. ಬೆಕ್ಕನ್ನು ಹಿತ್ತಲಿಗೆ ಹಾಕಿ ಅಗುಳಿ ಜಡಿದೆ. ಡ್ರಾಪ್ಸ್ ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ನಾನು ಔಷಧಿ ಅಂಗಡಿಯವನು. ಗುಳಿಗೆ ಡಬ್ಬಿಯೊಳಗೆ ಮಡಚಿಟ್ಟಿರುವ ಆ ತೆಳ್ಳನೆಯ ಕಾಗದವನ್ನು ಕೊನೆಯ ಸಾಲಿನವರೆಗೂ ಓದುವ ಮನುಷ್ಯ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಓದಿ ಓದಿ, ಯಾವ ಗುಳಿಗೆಯನ್ನೂ ನುಂಗುವ ಧೈರ್ಯ ಉಳಿದಿಲ್ಲ. ನನ್ನ ಈ ಗುಣವನ್ನು ಕಂಡು ಬೈಯದೆ, ಹೆದರದೆ, ನಕ್ಕೂ ನಗದ ಹಾಗೆ ನೋಡುತ್ತಿದ್ದವರು ಲಿಂಬಾಜಿ ಮಾಸ್ತರರು. ಈಗ ಅವರಿಲ್ಲ. “ಗಡಬಡಿ ಬ್ಯಾಡ. ಆರಲಿ,” ಎನ್ನುತ್ತಿದ್ದರು. ಹರಳಿಗೂ ಅದೇ ಮಾತು, ನನಗೂ ಅದೇ ಮಾತು.

ಔರಾದದ ಹೈಸ್ಕೂಲಿನಲ್ಲಿ ಅವರು ನಮಗೆ ಡ್ರಾಯಿಂಗ್ ಮಾಸ್ತರರು. ಸೀಮೆಸುಣ್ಣ ಹಿಡಿದು ಬೋರ್ಡಿಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿಕೊಂಡೇ, ಕೈಯನ್ನು ಹಿಂದಕ್ಕೆ ಚಾಚಿ ಒಂದು ಸುತ್ತು ಸುತ್ತಿಸಿದರೆ ದುಂಡನೆಯ ವೃತ್ತ ಮೂಡುತ್ತಿತ್ತು. ಎಕಂಬಾದಿಂದ ನಡೆದು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಾನು ಆ ವೃತ್ತ ಎಲ್ಲಿ ಸೊಟ್ಟಗಾಗುತ್ತದೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಒಮ್ಮೆಯೂ ಆಗಲಿಲ್ಲ. ನನ್ನ ಚಿತ್ರಗಳನ್ನು ನೋಡಿ ಅವರು ಹೇಳುತ್ತಿದ್ದುದು ಇಷ್ಟೇ: “ಸಂಗ್ಯಾ, ನೀ ಗೀಟು ಹಾಕೂದಕ್ಕಿಂತ ಮೊದಲೇ ಅಳಿಸ್ತೀ ನೋಡು.”

ನಿವೃತ್ತಿಯ ಹತ್ತಿರಕ್ಕೆ ಬಂದಾಗ ಅವರ ಕೈ ನಡುಗಲು ಶುರುವಾಯಿತು. ಮೊದಲು ಚಹದ ಬಸಿಯಲ್ಲಿ ಸದ್ದು ಬಂತು, ಆಮೇಲೆ ಬೋರ್ಡಿನ ಮೇಲೆ ಗೊತ್ತಾಯಿತು. ಕುಂಚ ಹಿಡಿಯುವುದನ್ನು ಬಿಟ್ಟರು. ಬಿಟ್ಟದ್ದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಭಾಲ್ಕಿಯಲ್ಲಿ ಮನೆ ಮಾಡಿದ ಮೇಲೆ, ಸಾಲೆಯವರು ಗುಜರಿಗೆ ಹಾಕಲಿದ್ದ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದನ್ನು ಕೇಳಿ ತಂದು, ಸೀಮೆಎಣ್ಣೆ ಹಾಕಿ ತಿಕ್ಕಿ, ಕಿಟಕಿಯ ಹತ್ತಿರದ ಮೇಜಿನ ಮೇಲೆ ಇಟ್ಟುಕೊಂಡರು. ಕೆಟ್ಟುಹೋದ ಕ್ಯಾಲ್ಕುಲೇಟರಿನ ಗಾಜಿನ ಮೇಲಿಂದ ಮಬ್ಬು ಬಣ್ಣದ ತೆಳ್ಳನೆಯ ಹಾಳೆಯನ್ನು ಸುಲಿದು ಎರಡು ತುಂಡು ಮಾಡಿದರು. ಒಂದು ತುಂಡು ಹರಳು ಇಡುವ ಗಾಜಿನ ಪಟ್ಟಿಯ ಕೆಳಗೆ. ಇನ್ನೊಂದು ಪೌಡರ್ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಬಳೆಯಲ್ಲಿ ಸೇರಿ, ಕಣ್ಣಿಡುವ ನಳಿಕೆಯ ಮೇಲೆ. ಬಳೆಯನ್ನು ಒಂದು ಮಗ್ಗುಲಿಗೆ ತಿರುಗಿಸಿದರೆ ಬೆಳಕು, ಇನ್ನೊಂದು ಮಗ್ಗುಲಿಗೆ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಗಾಜಿನ ಮೇಲಿನ ಹರಳು ತಾನೊಂದೇ ನವಿಲಿನ ಹಾಗೆ ಗರಿ ಬಿಚ್ಚಿಕೊಂಡು ಕೂರುತ್ತಿತ್ತು.

ನನಗೆ ಅವರು ತಿಳಿಸಿ ಹೇಳಿದ್ದು ಹೀಗೆ: “ಒಂದು ಕಿಟಕಿಗಿ ಉದ್ದ ಕಬ್ಬಿಣದ ಸಳಿ, ಅದರ ಮುಂದಿನ ಕಿಟಕಿಗಿ ಅಡ್ಡ ಸಳಿ ಅಂತ ತಿಳಿ. ಉದ್ದ ಕೋಲು ಹಿಡ್ಕೊಂಡು ಬಂದವ ಮೊದಲನೇದು ದಾಟ್ತಾನ, ಎರಡನೇದ್ರಾಗ ಸಿಗಬೀಳ್ತಾನ. ಹರಳು ಏನ್ ಮಾಡ್ತದ? ನಡುವ ಕುಂತು ಅವನ ಕೋಲು ಜರಾ ವಾರಿ ಮಾಡಿ ಕೊಡ್ತದ. ಪಾರಾಗಿ ಬಂದಾನಲ್ಲ, ಆ ಖುಷಿಗಿ ಬಣ್ಣ.”

ಇದು ಎಷ್ಟು ಸರಿಯೋ ವಿಜ್ಞಾನದ ಮಾಸ್ತರರೇ ಹೇಳಬೇಕು. ಆದರೆ ಉಪ್ಪನ್ನು ಇಟ್ಟರೆ ಕತ್ತಲು ಕತ್ತಲಾಗಿಯೇ ಉಳಿಯುತ್ತಿತ್ತು, ನೀರು ತಿಳಿಯಾಗಲು ಹಾಕುವ ಪಟಕದ ಹರಳು ಇಟ್ಟರೂ ಅಷ್ಟೇ. “ಇವ್ರು ಭಾಳ ಶಿಸ್ತಿನ ಮಂದಿ. ಯಾರ ಕೋಲೂ ಮುಟ್ಟಂಗಿಲ್ಲ,” ಎಂದು ಅವನ್ನು ಬದಿಗಿಡುತ್ತಿದ್ದರು. ಸಕ್ಕರೆ ನಾಚುತ್ತ ಬಣ್ಣ ಬಿಡುತ್ತಿತ್ತು. ನನ್ನ ಅಂಗಡಿಯ ವಿಟಮಿನ್ ಸಿ ಗುಳಿಗೆ ಅರೆದು ಹಾಕಿದರೆ ಬೀಸಣಿಗೆಗಳು ತೆರೆದುಕೊಳ್ಳುತ್ತಿದ್ದವು. ಅವರಿಗೆ ಎಲ್ಲಕ್ಕಿಂತ ಪ್ರೀತಿ ಲಿಂಬೂಸತ್ತಿನ ಮೇಲೆ. ಪಾನಕಕ್ಕೆ ಹುಳಿ ಬರಲಿ ಎಂದು ಹಾಕುವ ಆ ಬಿಳಿ ಪುಡಿಯ ಒಂದು ಚಿಟಿಕೆಯನ್ನು ನೀರಲ್ಲಿ ಕರಗಿಸಿ, ಗಾಜಿನ ಮೇಲೆ ಹನಿ ಬಿಟ್ಟು, ಅದು ಆರುವುದನ್ನೇ ನೋಡುತ್ತ ಕೂರುತ್ತಿದ್ದರು. “ಇದನ್ನ ಬಿಡಸಾಕ ನನ್ನ ಕೈ ಬೇಕಿಲ್ಲ. ನೀರು ಆರಿದ್ರ ಸಾಕು,” ಎಂದರು ಒಮ್ಮೆ. ತಮ್ಮ ಕೈಯ ಬಗ್ಗೆ ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು.

ಈ ಲಿಂಬೂಸತ್ತು ನನ್ನ ಪ್ರಾಣ ತೆಗೆದ ಕತೆಯೊಂದಿದೆ. ಅದು ಅವರಿಗೆ ಸಿಗುತ್ತಿದ್ದುದು ಪಕ್ಕದ ಮನೆಯ ಖಾಜಾಮಿಯಾರ ಕಿರಾಣಿ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಖಾಜಾಮಿಯಾ ನನಗೆ ಫೋನು ಮಾಡಿದರು. ಗಾಳಿಯ ಸದ್ದು, ಲಾರಿಯ ಸದ್ದು. “ಸಂಗಮೇಶ ಭಾಯ್, ಲಿಂಬೂ ಸತ್ ಖಲಾಸ್! ಲಗೂ ಬರ್ರಿ!” ಅಷ್ಟು ಹೇಳಿ ಇಟ್ಟುಬಿಟ್ಟರು. ಓಣಿಯವರೆಲ್ಲ ಮಾಸ್ತರರನ್ನು ಕರೆಯುತ್ತಿದ್ದುದೇ ಲಿಂಬು ಮಾಸ್ತರ್ ಎಂದು. ಲಿಂಬು ಸತ್ತ, ಖಲಾಸ್. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಅಂಗಡಿಯ ಶಟರ್ ಎಳೆದೆ. ಚೌಬಾರಾದ ಹತ್ತಿರ ದೊಡ್ಡದೊಂದು ಹಾರ ಕೊಂಡೆ. ದಾರಿಯುದ್ದಕ್ಕೂ ಜೀಪಿನಲ್ಲಿ ಹಾರ ಮಡಿಲಲ್ಲಿಟ್ಟುಕೊಂಡು ಅತ್ತೆ. ಪಕ್ಕದಲ್ಲಿ ಕೂತವರು ಸರಿದು ಜಾಗ ಬಿಟ್ಟರು.

ಮಾಸ್ತರರು ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನನ್ನು ನೋಡಿದರು, ಹಾರವನ್ನು ನೋಡಿದರು, ಖಾಜಾಮಿಯಾರನ್ನು ಕೂಗಿ ಕರೆದು ಸಂಗತಿ ಏನೆಂದು ಕೇಳಿ ತಿಳಿದರು. ಅಂಗಡಿಯಲ್ಲಿ ಲಿಂಬೂಸತ್ತು ಮುಗಿದಿತ್ತು, ನನ್ನ ಔಷಧಿ ಅಂಗಡಿಯಿಂದ ತರಲಿ ಎಂದು ಹೇಳಿಕಳಿಸಿದ್ದರು, ಅಷ್ಟೇ.

“ಹಾರ ತಂದೀ, ಲಿಂಬೂಸತ್ ತಂದಿಲ್ಲ,” ಎಂದರು ಮಾಸ್ತರರು.

ಖಾಜಾಮಿಯಾ ಕಿವಿ ಮುಟ್ಟಿಕೊಂಡು, “ತೋಬಾ ತೋಬಾ, ನನ್ನ ನಾಲಿಗಿ ಸುಡ್ಲಿ,” ಎಂದರು.

“ನಿಮ್ಮ ನಾಲಿಗಿ ಯಾಕ ಸುಡಬೇಕು? ಇವನ ಕಿವಿ ತೊಳೀಬೇಕು. ಏ ಸಂಗ್ಯಾ, ಹಾಕು ಇಲ್ಲಿ. ರಿಟೈರ್ ಆದಾಗ ಪ್ಲಾಸ್ಟಿಕ್ ಹಾಕಿದ್ರು. ಇದು ಖರೇ ಹೂವಿಂದದ.”

ಸಂಜೆಯವರೆಗೂ ಆ ಹಾರ ಹಾಕಿಕೊಂಡೇ ಬೆಳ್ಳುಳ್ಳಿ ಸುಲಿದರು. ಒಳಗಿನಿಂದ ಕಾಕು ಬಂದು, “ಏನ್ರಿ ಇದು, ಮೈಯೆಲ್ಲ ಹಳದಿ ಕಾಣ್ಲಿಕತ್ತದ?” ಎಂದರು. ಹಾರ ಬಿಳಿ ಸೇವಂತಿಗೆಯದು. ಮಾಸ್ತರರು ನನ್ನ ಕಡೆ ನೋಡಿದರು. ಕಾಕುವಿನ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿದೆ ಎನ್ನುವುದು ನನಗೆ ತಿಳಿದದ್ದು ಆವತ್ತು.

ಕಾಕು ಮಾಸ್ತರರ ಹೆಂಡತಿ; ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹೇಳುವ ಆ ಹೆಸರಿನಿಂದಲೇ ನಾವೆಲ್ಲ ಕರೆಯುತ್ತಿದ್ದೆವು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಡಾಬಕಾದವರು. ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಹಳೆ ಸೀರೆ, ಹಳೆ ಅಂಗಿಗಳ ತುಂಡುಗಳನ್ನು ನೆಲದ ಮೇಲೆ ಹರಡಿ, ಇದರ ಪಕ್ಕ ಅದು, ಅದರ ಪಕ್ಕ ಇದು ಎಂದು ಜೋಡಿಸುವಾಗ ಮಾಸ್ತರರು ತಮ್ಮ ಪಾಠದ ಚಿತ್ರಗಳನ್ನು ತಂದು ಅವರ ಮುಂದೆ ಇಡುತ್ತಿದ್ದರಂತೆ. “ನಾ ಬಣ್ಣದ ಮಾಸ್ತರ್ ಖರೇ. ಕಣ್ಣು ಆಕಿದು,” ಎನ್ನುತ್ತಿದ್ದರು. ಕಾಕುವಿನ ಯಾವ ಕೌದಿಯಲ್ಲೂ ಒಂದು ಮೂಲೆಗೆ ನೀಲಿ ತುಂಡು ಇದ್ದೇ ಇರುತ್ತಿತ್ತು. ಒಂದು ವರ್ಷ ಆ ಮೂಲೆಯಲ್ಲಿ ಕಪ್ಪು ತುಂಡು ಬಂತು. ಮುಂದಿನ ಕೌದಿಯಲ್ಲಿ ಹಸಿರು. ಆಮೇಲೆ ಕಾಕು ಸೂಜಿ ಎತ್ತಿಟ್ಟರು. ಒಂದು ಕಣ್ಣು ಪೂರ್ತಿ ಮಬ್ಬಾಗಿತ್ತು. ಇನ್ನೊಂದರಲ್ಲಿ ಜಗತ್ತೆಲ್ಲ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು.

ಸೂಕ್ಷ್ಮದರ್ಶಕದಲ್ಲಿ ಮಾಸ್ತರರು ನೋಡುತ್ತಿದ್ದುದನ್ನೆಲ್ಲ ತೋರಿಸಲು ಯಾರೂ ಇರಲಿಲ್ಲ ಎಂದಲ್ಲ. ಓಣಿಯವರು ಬರುತ್ತಿದ್ದರು. ಅಲ್ಲಿನ ಬೋರಿನ ನೀರು ಕುಡಿದು ಹೊಟ್ಟೆಯಲ್ಲಿ ಹರಳು ಕಟ್ಟಿಸಿಕೊಂಡವರು, ಅದು ಮೂತ್ರದಲ್ಲಿ ಬಿದ್ದ ಮೇಲೆ ಕಡ್ಡಿಪೆಟ್ಟಿಗೆಯಲ್ಲಿಟ್ಟುಕೊಂಡು ತಂದು ತೋರಿಸುತ್ತಿದ್ದರು. ನನ್ನದೂ ಒಂದು ಬಿತ್ತು. ಸಾಯುವುದು ಖಾತ್ರಿ ಎಂದುಕೊಂಡು ಹೆಂಡತಿಗೆ ಅಂಗಡಿಯ ಬೀಗದ ಕೈ ಒಪ್ಪಿಸಿದ ಮೇಲೆ ಬಿತ್ತು. ಮಾಸ್ತರರು ಅದನ್ನು ಅರೆದು ಗಾಜಿನ ಮೇಲಿಟ್ಟು ತೋರಿಸಿದರು. ಕತ್ತಲಲ್ಲಿ ಕೆಂಡದ ಚೂರುಗಳು, ಬಂಗಾರ, ಒಂದಿಷ್ಟು ನೇರಳೆ. “ಇಷ್ಟು ಚಂದಾದ್ದು ಹೊಟ್ಟ್ಯಾಗ ಇಟ್ಕೊಂಡು ಅಳ್ತಿದ್ದೆಲ್ಲೋ,” ಎಂದರು. ನನಗೆ ನಿಜಕ್ಕೂ ಸ್ವಲ್ಪ ಹೆಮ್ಮೆಯಾಯಿತು. ಆದರೆ ನಾವೆಲ್ಲ ಹೇಳುತ್ತಿದ್ದುದು ಚಂದ ಇದೆ ಎಂದಷ್ಟೇ. ಯಾಕೆ ಚಂದ, ಎಲ್ಲಿ ಸಾಲದು, ಯಾವುದರ ಪಕ್ಕ ಯಾವುದು ಕೆಟ್ಟಿತು ಎಂದು ಹೇಳಬಲ್ಲ ಒಬ್ಬರೇ ಒಬ್ಬರು ಒಳಗೆ ಅಡುಗೆಮನೆಯಲ್ಲಿ ತಡವರಿಸಿಕೊಂಡು ಉಪ್ಪಿನ ಡಬ್ಬಿ ಹುಡುಕುತ್ತಿದ್ದರು.

ಆಪರೇಷನ್ ಮಾಡಿಸಿಕೋ ಎಂದು ಮಾಸ್ತರರು ಹೇಳದ ದಿನವಿರಲಿಲ್ಲ. ಕಾಕು ಒಪ್ಪುತ್ತಿರಲಿಲ್ಲ. “ನಮ್ಮವ್ವನ ಕಣ್ಣು ಮಾಡಿದ್ರು. ಆಮ್ಯಾಲ ಆಕಿ ಗ್ವಾಡಿ ಹಿಡ್ಕೊಂಡು ಅಡ್ಡಾಡಿದ್ದು ನಾ ನೋಡೀನಿ. ನನಗ ಇದ್ದಷ್ಟು ಮಂಜೇ ಸಾಕು.”

ಮಾಸ್ತರರು ನನ್ನನ್ನು ಒಮ್ಮೆ ವಕೀಲಿಗೆ ಕರೆದರು. ನಾನು ಧೈರ್ಯ ಹೇಳಲು ಕೂತೆ. “ಭಾಳ ಸಲೀಸು ಅದ ಕಾಕು. ಸೋಂಕು ಆಗೂದು ಭಾಳ ಕಮ್ಮಿ. ಪರದೆ ಹರಿಯೂದಂತೂ ಇಲ್ಲೇ ಇಲ್ಲ.”

“ಯಾವ ಪರದೆ?”

“ಕಣ್ಣಿನ ಹಿಂದಿಂದು. ಹರಿಯಂಗಿಲ್ಲರಿ. ಎಲ್ಲೋ ಅಪರೂಪಕ್ಕ...”

ಕಾಕು ಎದ್ದು ಒಳಗೆ ಹೋದರು. “ಸಂಗ್ಯಾ,” ಎಂದರು ಮಾಸ್ತರರು, “ಆಕಿ ಕಣ್ಣಿಗಿ ಕಟ್ಟೋ ಪಟ್ಟಿ ಮೊದಲು ನಿನ್ನ ಬಾಯಿಗಿ ಕಟ್ಟಬೇಕು.”

ಹೋದ ವರ್ಷ ಮಳೆಗಾಲದ ಹೊತ್ತಿಗೆ ಮಾಸ್ತರರು ಆ ಮಾತು ಎತ್ತುವುದನ್ನೇ ಬಿಟ್ಟರು. ನಾನದನ್ನು ಗಮನಿಸಲಿಲ್ಲ. ಒಂದು ದಿನ ಅವರು ಬೀದರಕ್ಕೆ ನನ್ನ ಅಂಗಡಿಗೆ ಬಂದರು. ಕಣ್ಣಿಗೆ ಕರಿ ಚಶ್ಮಾ. ಅಂಗಿ ಬೇರೆಯವರದೇನೋ ಎನ್ನುವ ಹಾಗೆ ಹೆಗಲಿಂದ ಜೋಲುತ್ತಿತ್ತು. ಗಿರಾಕಿಗಳು ಹೋಗುವ ತನಕ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಚಶ್ಮಾ ತೆಗೆದರು. ಕಣ್ಣಿನ ಬಿಳಿ ಭಾಗ ಅರಿಸಿನದಲ್ಲಿ ಅದ್ದಿದ ಹಾಗಿತ್ತು.

ಹೆದರುವುದರಲ್ಲಿ ನನಗೆ ಇಷ್ಟು ವರ್ಷಗಳ ಅಭ್ಯಾಸವಿದೆ. ಆದರೆ ಆಗ ಹೆದರಲಿಕ್ಕೂ ಆಗಲಿಲ್ಲ.

“ಕಾಮಾಲಿ ಏನ್ರಿ ಸರ್?”

“ಓಣಿಯವರಿಗಿ ಹಂಗೇ ಹೇಳೀನಿ. ಹೈದರಾಬಾದಕ್ಕ ಹೋಗಿದ್ದೆ. ಆಕಿಗಿ ಪೆನ್ಶನ್ ಕೆಲಸ ಅಂತ ಹೇಳಿ ಹೋದೆ. ಪಿತ್ತದ ದಾರಿಗಿ ಗಂಟು ಅದ. ತೆಗಿಯಾಕ ಬರಂಗಿಲ್ಲ ಅಂದ್ರು.” ಚಶ್ಮಾ ಮತ್ತೆ ಏರಿಸಿದರು. “ಆಕಿಗಿ ಗೊತ್ತಾಗಿಲ್ಲ. ಹ್ಯಾಂಗ ಗೊತ್ತಾಗ್ಬೇಕು? ಆಕಿ ಕಣ್ಣಿಗಿ ಎಲ್ಲರೂ ಹಳದೀನೇ.”

ಆಪರೇಷನ್ನಿನ ಮಾತನ್ನು ಅವರು ಯಾಕೆ ಬಿಟ್ಟರು ಎಂಬುದು ನನಗೆ ಆಗ ತಿಳಿಯಿತು. ಕಾಕುವಿನ ಮಂಜಿನ ಮರೆಯಲ್ಲಿ ಅವರು ಅಡಗಿ ಕೂತಿದ್ದರು.

ಹಾಗೇ ಸಾಗುತ್ತಿತ್ತೇನೋ. ಆದರೆ ಅದೇ ವಾರ ಕಾಕು, ರೊಟ್ಟಿ ಬಡಿಯುತ್ತ ಬಡಿಯುತ್ತ, ತಾವಾಗಿಯೇ ಬಾಯಿ ಬಿಟ್ಟರಂತೆ. “ಕಣ್ಣು ಮಾಡಿಸ್ಕೋ, ಮಾಡಿಸ್ಕೋ ಅಂತ ಬಡ್ಕೊಳ್ತಿದ್ರಿ. ಬಿಟ್ಟೇ ಬಿಟ್ರಿ. ಯಾಕ ಬಿಟ್ರಿ? ನನಗ ಅದರದೇ ಅಂಜಿಕಿ ಹತ್ಯಾದ. ಸಂಗಮೇಶಗ ಹೇಳ್ರಿ, ಮಾಡಿಸ್ಕೋತೇನಿ.”

ಮಾಸ್ತರರು ಫೋನಿನಲ್ಲಿ ನನಗೆ ಇದನ್ನು ಹೇಳಿದರು. ಕಾಕುಗೆ ಮೊದಲೇ ನಿಜ ಹೇಳಿಬಿಡಿ ಎಂದೆ. ನಾನು ಅವರಿಗೆ ಕೊಟ್ಟ ಒಂದೇ ಒಂದು ಸಲಹೆ ಅದು.

“ಹೇಳಿದ್ರ ಆಪರೇಷನ್ ಬಿಟ್ಟು ನನ್ನ ಕಾಲ ಹತ್ರ ಕುಂದ್ರತಾಳ. ಕಣ್ಣು ಹೋಯ್ತು ಅಷ್ಟೇ. ಮಾಡಿಸು. ಪಟ್ಟಿ ಬಿಚ್ಚಿದ ಮ್ಯಾಲ ಆಕಿ ಮೊದಲು ನೋಡಬೇಕಾದ್ದು ನೀಲಿ. ನೀಲಿ ನೋಡಿ ಆಮ್ಯಾಲ ನನ್ನ ನೋಡ್ಲಿ, ಅಡ್ಡಿಯಿಲ್ಲ. ನನ್ನ ಮೊದಲು ನೋಡಿದ್ಳು ಅಂದ್ರ ಮತ್ತ ನೀಲಿ ನೋಡಂಗಿಲ್ಲ ಆಕಿ. ನನಗ ಗೊತ್ತದ.”

ಬೀದರದಲ್ಲಿ, ಪೂರ್ತಿ ಮಬ್ಬಾಗಿದ್ದ ಕಣ್ಣಿಗೆ ಆಪರೇಷನ್ ಆಯಿತು. ಮಾಸ್ತರರು ಬರಲಿಲ್ಲ, ಮೆಟ್ಟಿಲು ಹತ್ತಲು ಆಗುವುದಿಲ್ಲ, ಮಂಡಿ ನೋವು ಎಂದು ಕಾಕುಗೆ ಹೇಳಿದರು. ಬಾಗಿಲ ಹೊರಗೆ ಕೂತಿದ್ದ ನಾನು ಮೂರು ಜನ ರೋಗಿಗಳ ಸಂಬಂಧಿಕರಿಗೆ ಧೈರ್ಯ ಹೇಳಿದೆ. ಇಬ್ಬರು ಎದ್ದು ಬೇರೆ ಬೆಂಚಿಗೆ ಹೋದರು. ಕಾಕು ನಗುತ್ತ ಹೊರಬಂದರು. ಡಾಕ್ಟರು ನನ್ನ ಅಂಗಡಿಯ ಪರಿಚಯದವರು. “ನೀವೇ ಇದೀರಲ್ಲ, ನಾಳೆ ಬೆಳಗ್ಗೆ ಮನೆಯಲ್ಲೇ ಪಟ್ಟಿ ಬಿಚ್ಚಿ ಡ್ರಾಪ್ಸ್ ಶುರು ಮಾಡಿ. ಆಮೇಲೆ ತೋರಿಸಲು ಕರೆತನ್ನಿ,” ಎಂದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕಾಕು ಭಾಲ್ಕಿಗೆ ಬಂದರು. ಕೈ ಹಿಡಿದು ಒಳಗೆ ಕರೆದುಕೊಂಡ ಮಾಸ್ತರರಿಗೆ, “ಕೈ ಯಾಕ ಇಷ್ಟು ಬಿಸಿ ಅದಾವ?” ಎಂದರು. “ಒಲಿ ಮುಂದ ಇದ್ದೆ. ನಿನಗ ಚಹಾ ಇಟ್ಟೀನಿ,” ಎಂದರು ಮಾಸ್ತರರು. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಹೋಗಿ ಚಹಾ ಇಟ್ಟೆ.

ಅದಕ್ಕೆ ಮುಂಚಿನ ದಿನಗಳೆಲ್ಲ ಮಾಸ್ತರರು ಲಿಂಬೂಸತ್ತಿನ ಹನಿಯ ಮೇಲೆ ಹನಿ ಆರಿಸಿದ್ದರು. ಪದರ ದಪ್ಪವಾದರೆ ಗುಲಾಬಿ, ಹಸಿರು, ತೆಳುವಾದರೆ ಬೂದಿ, ನಡುವೆ ಎಲ್ಲೋ ಒಂದು ಅಳತೆಗೆ ಆರಿದರೆ ಮಾತ್ರ ನೀಲಿ. ನಡುಗುವ ಕೈಗೆ ಹನಿಯ ಅಳತೆ ಸಿಗುತ್ತಿರಲಿಲ್ಲ. ಕೆಟ್ಟ ಗಾಜುಗಳನ್ನು ತೊಳೆಯುವುದು, ಮತ್ತೆ ಹನಿ ಬಿಡುವುದು, ಕಾಯುವುದು. ಕೊನೆಗೆ ಒಂದು ಬಂತು. ನನಗೆ ತೋರಿಸಿದರು. ಗರಿಗರಿಯಾಗಿ ಚಾಚಿದ ನೀಲಿ, ಅಂಚಿಗೆ ಒಂದು ಎಳೆ ಬೆಳ್ಳಿ. ನಾನು ಚಂದ ಇದೆ ಎಂದೆ. “ನಿನಗ ಕೇಳಿಲ್ಲ,” ಎಂದರು.

ರಾತ್ರಿ ಬೀದರಕ್ಕೆ ಹೋಗಿದ್ದ ನಾನು ಪಟ್ಟಿ ಬಿಚ್ಚಲು ತಿರುಗಿ ಬಂದ ಆ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಕಿಟಕಿಯ ಮುಂದೆ ಮೇಜು, ಮೇಜಿನ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಕಾಕು. ಮಾಸ್ತರರು ಅವರ ಬೆನ್ನ ಹಿಂದೆ, ಗೋಡೆಯ ಬದಿಯ ಮಂಚದ ಮೇಲೆ. ಅಲ್ಲಿಗೆ ಬೆಳಕು ಅಷ್ಟಾಗಿ ಬೀಳುತ್ತಿರಲಿಲ್ಲ. ಅದನ್ನೂ ಅವರೇ ನೋಡಿ ಗೊತ್ತು ಮಾಡಿದ್ದರು. ನಾನು ಕೈ ತೊಳೆದು, ಒರೆಸಿ, ಮತ್ತೆ ತೊಳೆದೆ. ಟೇಪು ಮೆಲ್ಲಗೆ ಬಿಡಿಸಿದೆ. ಹತ್ತಿಯಿಂದ ರೆಪ್ಪೆ ಒರೆಸಿ ಡ್ರಾಪ್ಸ್ ಹಾಕಿದೆ.

“ಕಣ್ಣು ಮುಚ್ಚೇ ಇರ್ರಿ ಕಾಕು. ನಾ ಹೇಳಿದಾಗ ತೆರೀರಿ.”

“ಏನೋ ತೋರಸ್ತಾರಂತಲ್ಲ ನಿನ್ನ ಮಾಸ್ತರ. ನೀ ಯಾಕ ನಡುಗ್ತಿ? ನಡುಗೂದು ಅವರ ಕೈ ಅಲ್ಲೇನು?”

ಅವರ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಾಗಿಸಿದೆ. ಕಣ್ಣು ನಳಿಕೆಯ ಹತ್ತಿರ ಬಂತು. ಕನ್ನಡಿಯನ್ನು ಒಂದಿಷ್ಟು ತಿರುಗಿಸಿದೆ. ನಳಿಕೆಯ ಬಾಯಲ್ಲಿ ಸಣ್ಣ ನೀಲಿ ಚುಕ್ಕೆ ಬಂದು ನಿಂತು, ಕಾಕುವಿನ ಮುಚ್ಚಿದ ರೆಪ್ಪೆಯ ಮೇಲೆ ಬಿತ್ತು. ಮಾಸ್ತರರು ಅದನ್ನು ನೋಡಿದರು. ಮಂಚದಿಂದ ಅರ್ಧ ಎದ್ದರು. ಕಣ್ಣು ಒರೆಸಿಕೊಳ್ಳಲು ಚಶ್ಮಾ ತೆಗೆದಿದ್ದರು, ಅದು ಕೈಯಲ್ಲೇ ಇತ್ತು.

ನಮ್ಮ ಕಡೆ ಅವರ ವಯಸ್ಸಿನ ಗಂಡಸರು ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಕಾಕುವಿನ ಹೆಸರು ಗೋದಾವರಿ ಎಂಬುದು ನನಗೆ ತಿಳಿದದ್ದೇ ಹಿಂದಿನ ದಿನ ಆಸ್ಪತ್ರೆಯಲ್ಲಿ ನರ್ಸು ಕೂಗಿದಾಗ. ಮಾಸ್ತರರು ಕರೆಯುತ್ತಿದ್ದುದೆಲ್ಲ “ಕೇಳ್ತೀಯೇನ” ಎಂದು. ಇಷ್ಟು ವರ್ಷದ ಸಂಸಾರದಲ್ಲಿ ಹೆಸರು ಕರೆಯಬೇಕಾದ ಸಂದರ್ಭವೇ ಅವರಿಗೆ ಬಂದಿರಲಿಲ್ಲವೋ ಏನೋ.

“ಗೋದೂ,” ಎಂದುಬಿಟ್ಟರು.

ಕಾಕು ಕಣ್ಣು ತೆರೆದು, ದನಿ ಬಂದ ಕಡೆಗೆ ತಿರುಗಿದರು.